ಹೆಜ್ಜೇನಿನ ಪುಸ್ತಕವೂ ನೀಲವ್ವನ ಮಗಳ ಮದುವೆಯೂ

ನಾನು ಒಂದು ಪುಸ್ತಕ. ಹೆಜ್ಜೇನಿನ ಮೇಲೆ ಬರೆದ ನೂರಾ ಹನ್ನೆರಡು ಪುಟದ ವಿಜ್ಞಾನದ ಪುಸ್ತಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಕೈಯಲ್ಲಿ ಹಿಡಿದವರಲ್ಲಿ ಮುಕ್ಕಾಲು ಮಂದಿಗೆ ನಾನು ಯಾವುದರ ಮೇಲಿನ ಪುಸ್ತಕ ಎಂಬುದೇ ತಿಳಿದಿರಲಿಲ್ಲ.

ಗದಗಿನ ಒಂದು ಮುದ್ರಣಾಲಯದಲ್ಲಿ ಹುಟ್ಟಿದೆ. ನನ್ನನ್ನು ಬರೆದವರು ಹದಿನಾಲ್ಕು ವರ್ಷ ಮರ, ಬಂಡೆ, ನೀರಿನ ಟಾಕಿ ಅಂತ ಜೇನಿನ ಹಿಂದೆ ಅಲೆದು, ಕಚ್ಚಿಸಿಕೊಂಡು, ಮುಖ ಊದಿಸಿಕೊಂಡು ಬರೆದಿದ್ದರು. ನನ್ನ ಹಾಳೆ ಹೊಲಿದರು, ಅಂಟು ಬಳಿದರು, ಅಂಚು ಕತ್ತರಿಸಿದರು. ಕೊನೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದುಬಿಟ್ಟರು. ಧೂಳು ಕೂರಬಾರದಂತೆ! ಓದುವವರೂ ಒಳಗೆ ಬರಬಾರದೆಂದು ಯಾರು ಹೇಳಿದ್ದರೋ ಕಾಣೆ.

ಹುಟ್ಟಿದ ತಿಂಗಳಲ್ಲೇ ಒಂದು ಪತ್ರಿಕೆ 'ಹೊಸ ವಿಜ್ಞಾನ ಪುಸ್ತಕಗಳು' ಎಂಬ ಪಟ್ಟಿಯಲ್ಲಿ ನನ್ನನ್ನು ಸೇರಿಸಿತು. 'ಪ್ರತಿಯೊಬ್ಬರ ಮನೆಯಲ್ಲೂ ಇರಬೇಕಾದ ಕೃತಿ' ಅಂತ ಹೊಗಳಿಕೆ ಬೇರೆ. ಹೊಗಳಿದ ಮಹಾನುಭಾವರು ಬೆನ್ನುಪುಟದ ನಾಲ್ಕು ಸಾಲು ಮಾತ್ರ ಓದಿದ್ದರು. ಅಯ್ಯೋ ನನ್ನ ಹಣೆಬರಹ, ಜನ ಆ ಮಾತನ್ನು ಅಕ್ಷರಶಃ ಪಾಲಿಸಿದರು. ಮನೆಯಲ್ಲಿ ಇಟ್ಟುಕೊಂಡರು, ಅಷ್ಟೇ.

ಈಗ ಸನ್ಮಾನಕ್ಕೆ ಹಾರ ಬೇಡ, ಪುಸ್ತಕ ಕೊಡಿ ಎಂಬ ಪದ್ಧತಿ ಬಂದಿದೆಯಲ್ಲ, ಒಳ್ಳೆಯದೇ. ಆದರೆ ಹಾರವಾದರೆ ಸಂಜೆಗೆ ಬಾಡಿ ಪಾರಾಗುತ್ತದೆ, ನನಗೆ ಬಾಡುವ ಭಾಗ್ಯವೂ ಇಲ್ಲ. ಮೊದಲು ಒಬ್ಬ ಪ್ರಿನ್ಸಿಪಾಲರ ಬೀಳ್ಕೊಡುಗೆಯಲ್ಲಿ ಕೈ ಸೇರಿದೆ. ಮನೆಯಲ್ಲಿ ಅವರು ಪ್ಲಾಸ್ಟಿಕ್ ಬಿಚ್ಚಲು ಹೊರಟರೆ ಹೆಂಡತಿ ತಡೆದರು.

"ಅದನ್ನ ಹಂಗ ಇಡ್ರಿ, ಬಿಚ್ಚಬ್ಯಾಡ್ರಿ. ನಾಳೆ ಯಾರಿಗರ ಕೊಡಾಕ ಬರ್ತೈತಿ."

ಕೊಟ್ಟೂಬಿಟ್ಟರು. ಅಲ್ಲಿಂದ ಒಬ್ಬ ಡಾಕ್ಟರು, ಡಾಕ್ಟರಿಂದ ಒಬ್ಬ ಇಂಜಿನಿಯರು. ಒಂದೂವರೆ ವರ್ಷದಲ್ಲಿ ಏಳು ಸನ್ಮಾನ ಕಂಡೆ. ಅಷ್ಟು ಸನ್ಮಾನ ನನ್ನನ್ನು ಬರೆದವರಿಗೂ ಆಗಲಿಲ್ಲ. ಏಳನೆಯದು ಒಂದು ಪೇಟೆಯ ಸಮುದಾಯ ಭವನದ ಅಧ್ಯಕ್ಷ ಗುರುಪಾದಪ್ಪನವರಿಗೆ, ಅವರದೇ ಭವನದ ವೇದಿಕೆಯ ಮೇಲೆ. ಅವರು ಶಾಲು ಹೊದ್ದುಕೊಂಡು ಹೋದರು, ನನ್ನನ್ನು ಕುರ್ಚಿಯ ಮೇಲೆ ಬಿಟ್ಟುಹೋದರು.

ಮರುದಿನ ನನ್ನನ್ನು ಎತ್ತಿಕೊಂಡವಳು ನೀಲವ್ವ. ಇಪ್ಪತ್ತೆರಡು ವರ್ಷದಿಂದ ಆ ಭವನದ ಕಸ ಗುಡಿಸುವವಳು. ಏಳನೆಯ ಇಯತ್ತೆ ಓದಿದ್ದಾಳೆ, ಇನ್ನಾದರೂ ಬಿಡುಗಡೆ ಸಿಕ್ಕೀತು ಅಂದುಕೊಂಡೆ. ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಅಲುಗಾಡುವ ಮೇಜಿನ ಕಾಲಡಿಗೆ ತುರುಕಿದಳು! ಎರಡು ತಿಂಗಳು ಮೇಜಿನ ಭಾರ ಹೊತ್ತೆ. ಹೊತ್ತು ಹೊತ್ತು ಪ್ಲಾಸ್ಟಿಕ್ ಹರಿಯಿತು.

ಆಗಲೇ ಭವನದ ಪಕ್ಕದ ಎತ್ತರದ ನೀರಿನ ಟಾಕಿಗೆ ಹೆಜ್ಜೇನು ಬಂದು ಕೂತಿತು. ನೀಲವ್ವನ ಮಗಳು ಶಿವಲೀಲಾಳ ಮದುವೆಗೆ ಹನ್ನೆರಡೇ ದಿನ ಉಳಿದಿತ್ತು. ಹಳೆಯ ಆಳು ಅಂತ ಅವಳಿಗೆ ಭವನ ಪುಕ್ಕಟೆ ಕೊಟ್ಟಿದ್ದರು. ಅದು ತಪ್ಪಿದರೆ ಬೇರೆ ಜಾಗ ಹಿಡಿಯುವ ಶಕ್ತಿ ಅವಳಿಗಿರಲಿಲ್ಲ.

ಗುರುಪಾದಪ್ಪ ಬಂದು ಹೇಳಿದರು: "ಲಗ್ನದ ಹಿಂದಿನ ದಿನ ಪಂಜು ಹಿಡಿಸಿ ಸುಡಸ್ತೀನಿ ನೀಲವ್ವ. ಇಲ್ಲಾಂದ್ರ ಭವನ ಕೊಡಾಕ ಆಗಂಗಿಲ್ಲ."

ಅವತ್ತು ನೀಲವ್ವನಿಗೆ ನನ್ನ ಮುಖಪುಟದ ಜೇನುತಟ್ಟಿ ನೆನಪಾಯಿತು. ಮೇಜಿನಡಿಯಿಂದ ಎಳೆದು, ಸೆರಗಿನಿಂದ ಒರೆಸಿ ತೆರೆದಳು. ಎರಡು ವರ್ಷಕ್ಕೆ ಮೊದಲ ಸಲ ನನ್ನ ಹಾಳೆಗೆ ಗಾಳಿ ತಾಗಿತು. ಉಗುಳು ಹಚ್ಚಿದ ಬೆರಳಿನಿಂದ ಪುಟ ತಿರುಗಿಸುತ್ತಾಳೆ, ಒಂದೊಂದು ಸಾಲನ್ನೂ ಗಟ್ಟಿಯಾಗಿ ಮೂರು ಮೂರು ಸಲ ಓದುತ್ತಾಳೆ. ಒಂದು ಪುಟಕ್ಕೆ ಅರ್ಧ ತಾಸು! ಬೇಗ ಓದೇ ಮಾರಾಯ್ತಿ ಅಂತ ನಾನು ಚಡಪಡಿಸಿದೆ. ಅರವತ್ತಮೂರನೆಯ ಪುಟ ಮುಗಿಸಿದವಳೇ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಅಧ್ಯಕ್ಷರ ಮನೆಗೆ ನಡೆದಳು.

"ಸುಟ್ರ ಉಳಿದ ಹುಳ ಮರುದಿನ ಹೊಳ್ಳಿ ಅಲ್ಲೇ ಬರ್ತಾವಂತ್ರೀ, ಸಿಟ್ಟಿಗೆದ್ದು. ಮರುದಿನಾನ ಲಗ್ನ ಐತಿ. ಹೊಗಿ, ಕಲ್ಲು, ಪಟಾಕಿ ಇಲ್ಲಾಂದ್ರ ತಮ್ಮ ಪಾಡಿಗೆ ತಾವು ಇರ್ತಾವಂತ. ಬಿಟ್ಟುಬಿಡ್ರಿ."

ಗುರುಪಾದಪ್ಪ ನನ್ನನ್ನು ನೋಡಿದರು. ಗುರುತೇ ಸಿಗಲಿಲ್ಲ. "ಎಲ್ಲೀದಬೇ ಈ ಪುಸ್ತಕ? ಕಸಬರಗಿ ಬಿಟ್ಟು ಇದನ್ನ ಯಾವಾಗ ಹಿಡದಿ?" ಅಂತ ನಕ್ಕರು. ಆಮೇಲೆ ಅಂದರು, "ಆತು, ಬಿಡ್ತೀನಿ. ಏನರ ಹೆಚ್ಚುಕಮ್ಮಿ ಆದ್ರ ಹೊಣಿ ನಿಂದು."

"ನಂದ ರೀ," ಅಂದಳು ನೀಲವ್ವ.

ಆಗ ನನಗೆ ಹೆದರಿಕೆ ಹತ್ತಿತು. ಅಲ್ಲಿಯವರೆಗೆ ಯಾರೂ ಓದಿರಲಿಲ್ಲ, ನಾನು ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಬಂದಿರಲಿಲ್ಲ. ಈಗ ಒಬ್ಬಳು ನನ್ನ ಮಾತು ನಂಬಿ ಮಗಳ ಮದುವೆಯನ್ನೇ ಪಣಕ್ಕೆ ಒಡ್ಡಿದ್ದಾಳೆ.

ಮದುವೆಯ ದಿನ ಅಡುಗೆಯ ಒಲೆಗಳನ್ನು ಎರಡು ಓಣಿ ಆಚೆ ಹೂಡಿಸಿದಳು. ಗಂಡಿನ ಕಡೆಯವರಿಗೆ ಪಟಾಕಿ ಬೇಡ ಅಂತ ಕೈಮುಗಿದು ಹೇಳಿದ್ದಳು. ಇಳಕಲ್ ಸೀರೆ ಉಟ್ಟು, ನನ್ನನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡಿದಳು. ಮುಹೂರ್ತ ಬಂತು. ಎಲ್ಲರ ಕೈಗೂ ಅರಿಷಿಣ ಬೆರೆಸಿದ ಅಕ್ಕಿಕಾಳು ಹಂಚಿದರು. ನೀಲವ್ವನೂ ಮುಷ್ಟಿ ತುಂಬಿಕೊಂಡು ಕಿಟಕಿಯಾಚೆ ನೋಡುತ್ತಾಳೆ, ವರನ ಸೋದರಮಾವ ಚನ್ನವೀರಪ್ಪ ಗೇಟಿನಲ್ಲಿ ಮೊಳಗಟ್ಟಲೆ ಪಟಾಕಿ ಸರ ಹಾಸುತ್ತಿದ್ದಾನೆ! ಈ ಗಂಡಿನ ಕಡೆಯವರು ಹೇಳಿದರೆ ಕೇಳುವವರೇ ಅಲ್ಲ. ನೀಲವ್ವ ಓಡಿದಳು.

"ಬ್ಯಾಡ್ರಿ ಬೀಗ್ರ, ನಿಮ್ಮ ಕಾಲಿಗೆ ಬೀಳ್ತೀನಿ!"

"ಪಟಾಕಿ ಇಲ್ಲದ ಲಗ್ನ ಎಂಥಾದ್ದು? ಒಳಗ ಹೋಗ್ರಿ ಬೀಗತಿ, ಅಕ್ಕಿಕಾಳ ಬೀಳು ಹೊತ್ತಾತು, ಮಗಳ ಮಾರಿ ನೋಡ್ರಿ," ಅಂದು ಅವನು ಕಡ್ಡಿ ಗೀರಿದ.

ನೀಲವ್ವ ಆ ಸರದ ಬತ್ತಿಯ ಮೇಲೆಯೇ ಕುಕ್ಕರಿಸಿ ಕೂತುಬಿಟ್ಟಳು. "ಹಚ್ಚೂದಿದ್ರ ನನ್ನ ಬುಡಕ ಹಚ್ರಿ."

ಕಡ್ಡಿ ಉರಿದು ಬೆರಳು ಸುಟ್ಟ ಮೇಲೆ ಚನ್ನವೀರಪ್ಪ ಅದನ್ನು ಒಗೆದ. ಒಳಗೆ ವಾದ್ಯ ಜೋರಾಯಿತು. ನೀಲವ್ವ ಏಳಲಿಲ್ಲ. ಎದ್ದರೆ ಅವನು ಹಚ್ಚುತ್ತಾನೆ, ಅವಳಿಗೆ ಗೊತ್ತು. ಕೂತಲ್ಲಿಂದಲೇ ಬಾಗಿಲ ಕಡೆಗೆ ಅಕ್ಕಿಕಾಳು ಎಸೆದಳು. ಅರ್ಧ ಅಲ್ಲಿಗೆ ಮುಟ್ಟಲಿಲ್ಲ, ಮಡಿಲಿಗೆ ಜಾರಿದ್ದ ನನ್ನ ಮೇಲೇ ಬಿತ್ತು. ಅಳು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಲೆ ಟಾಕಿಗಂಟಿದ ತಟ್ಟಿಯ ತುಂಬ ಹುಳಗಳ ಮೈ ಅಲುಗಿ ಒಂದು ಅಲೆ ಹರಿದು ಸುಮ್ಮನಾಯಿತು. ಒಂದು ಹುಳವೂ ಇಳಿಯಲಿಲ್ಲ.

ಈಗ ನನಗೆ ಪ್ಲಾಸ್ಟಿಕ್ಕೂ ಇಲ್ಲ, ಮುಖಪುಟವೂ ಇಲ್ಲ. ಅಂಚಿಗೆಲ್ಲ ಅರಿಷಿಣ. ನೀಲವ್ವನ ಮನೆಯ ಗೋಡೆಗೂಡಿನಲ್ಲಿ ಇದ್ದೇನೆ. ಇನ್ನೂರು ಸಲ ಶಾಲಿನ ಪಕ್ಕ ಕೂತಿದ್ದರೂ ಈ ಬದುಕು ನನಗೆ ಸಿಗುತ್ತಿರಲಿಲ್ಲ. ಗೂಡಿನ ಮೇಲೆ ಮದುವೆಯ ಫೋಟೋ ತೂಗುಹಾಕಿದ್ದಾರೆ. ಅಕ್ಕಿಕಾಳು ಬೀಳುತ್ತಿರುವ ಹೊತ್ತಿನದು. ಬಳಗವೆಲ್ಲ ಇದೆ, ತಾಯಿ ಇಲ್ಲ.

ಬಂದವರು ಕೇಳುತ್ತಾರೆ: "ಅಲ್ಲಬೇ ನೀಲವ್ವ, ಇದರಾಗ ನೀ ಎಲ್ಲಿದ್ದಿ?"

ಅವಳು ನನ್ನನ್ನು ತೆಗೆದು ಅರವತ್ತಮೂರನೆಯ ಪುಟ ಬಿಚ್ಚಿ ಕೈಗಿಡುತ್ತಾಳೆ. "ಮೊದಲ ಇದನ್ನ ಓದ್ರಿ. ಆಮ್ಯಾಲ ಹೇಳ್ತೀನಿ."

ಓದಿ ಮುಗಿಯುವವರೆಗೆ ಚಹಾ ಇಲ್ಲ. ಅವರು ಓದುವಷ್ಟು ಹೊತ್ತೂ ನೀಲವ್ವ ಆ ಫೋಟೋದಲ್ಲಿ ಮಗಳ ಮುಖ ನೋಡುತ್ತ ನಿಂತಿರುತ್ತಾಳೆ.