ಪೆನ್‌ಡ್ರೈವ್ ಕಿತ್ತ ಭಾನುವಾರ

ಒಂದು ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಪೂರ್ತಿ ಕೇಳಿಬಿಡಿ. ನಡುವೆ ಬಾಯಿ ಹಾಕಿ ‘ಇನ್ನೊಂದು ಕಾಪಿ ಇಟ್ಟುಕೊಳ್ಳಬೇಕಿತ್ತು’ ಅಂತ ಬುದ್ಧಿ ಮಾತ್ರ ಹೇಳಬೇಡಿ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ, ಸುಸ್ತಾಗಿತ್ತು, ಅಷ್ಟೇ.

ಅವಳ ಕೆಲಸ ಹಲ್ಲು ಮಾಡುವುದು. ಡಾಕ್ಟರಲ್ಲ ಮತ್ತೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಹದಿಮೂರು ವರ್ಷದಿಂದ ದುಡಿಯುತ್ತಿದ್ದಳು. ದಿನಕ್ಕೆ ಒಂಬತ್ತು ಗಂಟೆ ಕತ್ತು ಬಗ್ಗಿಸಿ, ಭೂತಗನ್ನಡಿಯಲ್ಲಿ ಕಣ್ಣಿಟ್ಟು, ಕಡಲೆಕಾಳಿನಷ್ಟು ಮೇಣದ ಮೇಲೆ ಗೆರೆ ಕೊರೆಯುವುದು. ಮನೆಗೆ ಬರುವ ಹೊತ್ತಿಗೆ ಕತ್ತು ಕಟ್ಟಿಗೆಯಾಗಿರುತ್ತಿತ್ತು, ಉಗುರ ಸಂದಿಯಲ್ಲೆಲ್ಲ ಪ್ಲಾಸ್ಟರ್ ಪುಡಿ. ಚಿಕ್ಕಂದಿನಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲವೆಂದು ಅಮ್ಮ ಅವಳನ್ನು ‘ಗಿರಗಿಟ್ಲೆ’ ಎಂದು ಕರೆಯುತ್ತಿದ್ದಳು. ಈಗ ಆ ಗಿರಗಿಟ್ಲೆ ತಿರುಗುತ್ತಿದ್ದದ್ದು ವಾರಕ್ಕೊಂದೇ ದಿನ, ಅದೂ ಲ್ಯಾಪ್‌ಟಾಪಿನ ಮುಂದೆ.

ಲ್ಯಾಪ್‌ಟಾಪಿಗೆ ಒಂಬತ್ತು ವರ್ಷ. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಗೋಡೆಯ ವೈರ್ ಕಿತ್ತರೆ ಅದರ ಉಸಿರು ಕಿತ್ತಂತೆ. ಬಟನ್ ಒತ್ತಿ ಒಲೆಯ ಮೇಲೆ ನೀರಿಟ್ಟರೆ ಮೊದಲು ಕುದಿಯುತ್ತಿದ್ದದ್ದು ನೀರು. ಅಂಗಡಿಯವನು ‘ಇದನ್ನ ಬಿಸಾಕಿ ಮೇಡಂ’ ಎಂದುಬಿಟ್ಟಿದ್ದ. ಅವಳಿಗೆ ಬಿಸಾಕಲು ಮನಸ್ಸಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಲಿನಕ್ಸ್. ಮುಖ ನೋಡದ ಸಾವಿರಾರು ಜನ ತಮ್ಮ ಬಿಡುವಿನಲ್ಲಿ ಕೂತು ಬರೆದು, ‘ತಗೊಳ್ಳಿ, ಒಳಗೆ ಏನಿದೆ ನೋಡಿ, ಬೇಕಾದ ಹಾಗೆ ಬದಲಾಯಿಸ್ಕೊಳ್ಳಿ’ ಎಂದು ಬಿಟ್ಟುಕೊಟ್ಟ ವ್ಯವಸ್ಥೆ. ಒಂದಲ್ಲ, ನೂರಾರು ಬಗೆ. ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಚುಚ್ಚಿದರೆ ಪರದೆಯ ಮೇಲೆ ಎರಡೇ ಪ್ರಶ್ನೆ: ಸುಮ್ಮನೆ ಪರೀಕ್ಷಿಸಿ ನೋಡುತ್ತೀರೋ, ಶಾಶ್ವತವಾಗಿ ಹಾಕಿಕೊಳ್ಳುತ್ತೀರೋ?

ಪರೀಕ್ಷೆ ಎಂದರೆ ಲಾಡ್ಜಿನ ರೂಮಿದ್ದ ಹಾಗೆ. ಹಾಸಿಗೆ ಇದೆ, ಫ್ಯಾನ್ ಇದೆ, ಮೇಜಿನ ಮೇಲೆ ನಿಮ್ಮ ಸಾಮಾನು ಹರಡಿಕೊಳ್ಳಬಹುದು. ಆದರೆ ಕೀ ಕೊಟ್ಟು ಹೊರಬಿದ್ದಿರೋ, ನೀವಿದ್ದ ಗುರುತೇ ಇರುವುದಿಲ್ಲ. ಬರೆದದ್ದು, ಸೇವ್ ಮಾಡಿದ್ದು, ಎಲ್ಲ ಗುಡಿಸಿ ಹಾಕಿರುತ್ತಾರೆ.

ಮೊದಲನೆಯದರಲ್ಲಿ ವೈಫೈ ಸಿಗಲಿಲ್ಲ. ಎರಡನೆಯದಕ್ಕೆ ದನಿಯೇ ಇರಲಿಲ್ಲ. ಮೂರನೆಯದು ನೋಡಲು ಎಷ್ಟು ಚಂದವೆಂದರೆ ಹತ್ತು ನಿಮಿಷಕ್ಕೊಮ್ಮೆ ತನ್ನ ಚಂದಕ್ಕೆ ತಾನೇ ಮೂರ್ಛೆ ಹೋಗುತ್ತಿತ್ತು.

“ಬಟ್ಟೆ ಅಂಗಡೀಲಿ ನೂರು ಬಟ್ಟೆ ಮೈಮೇಲೆ ಹಿಡ್ಕೊಂಡು ನೋಡಿ, ಬರಿಗೈಲಿ ಬರೋಳು ನೀನು,” ಎಂದಳು ಅಮ್ಮ.

“ಹಾಕ್ಕೊಂಡ ಮೇಲೆ ಬಿಚ್ಚೋದು ಕಷ್ಟ ಅಮ್ಮ, ಅದಕ್ಕೆ ನೋಡ್ತಿದೀನಿ.”

“ನೋಡು ನೋಡು. ಮದುವೆ ವಿಷ್ಯದಲ್ಲೂ ಹಿಂಗೇ ಅಂದೆ.”

ನಾಲ್ಕನೆಯದು ಕೈಗೆ ಕೂತಿತು. ಹಗುರ, ಚುರುಕು, ಕನ್ನಡ ಕೀಲಿಮಣೆ ಸಿದ್ಧವಾಗಿಯೇ ಇತ್ತು. ಆವತ್ತೇ ಶಾಶ್ವತವಾಗಿ ಹಾಕಬಹುದಿತ್ತು. ಆದರೆ ಅದಕ್ಕೆ ಮೊದಲು ಹಳೆಯ ಫೈಲುಗಳನ್ನೆಲ್ಲ ಬೇರೆ ಕಡೆ ತೆಗೆದಿಡಬೇಕು, ಬೇಕಾದ್ದು ಬೇಡದ್ದು ಆರಿಸಬೇಕು. ಕತ್ತು ಸಿಡಿಯುತ್ತಿತ್ತು. ಮುಂದಿನ ಭಾನುವಾರ ನೋಡೋಣ ಎಂದು ಲ್ಯಾಪ್‌ಟಾಪನ್ನು ಆಫ್ ಮಾಡದೆ, ಪೆನ್‌ಡ್ರೈವನ್ನೂ ಕೀಳದೆ ಹಾಗೇ ಬಿಟ್ಟಳು. ಲಾಡ್ಜಿನ ರೂಮಿನಲ್ಲೇ ಒಂದು ವಾರ ಸಂಸಾರ.

ಇಲ್ಲಿಗೆ ಅಪ್ಪ ಬರುತ್ತಾನೆ. ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸೋತಿತ್ತು, ಮಾತು ತುಂಡು ತುಂಡಾಗಿತ್ತು. ಒಂದು ಪದ ಹೊರಬರಬೇಕಾದರೆ ನಿಂತ ಲಿಫ್ಟಿನ ಬಾಗಿಲನ್ನು ಕೈಯಿಂದ ಬಿಡಿಸಿದಷ್ಟು ಕಷ್ಟ. ಆ ಭಾನುವಾರ ಅವಳು ಹೊಸ ವ್ಯವಸ್ಥೆಯ ಸೆಟ್ಟಿಂಗ್‌ಗಳನ್ನು ಒಂದೊಂದೇ ತೆರೆದು ನೋಡುತ್ತಿದ್ದಾಗ ಒಂದು ಸಿಕ್ಕಿತು: ಶಿಫ್ಟ್ ಕೀಯನ್ನು ಒತ್ತಿ ಹಿಡಿಯಬೇಕಿಲ್ಲ, ಒಮ್ಮೆ ಮುಟ್ಟಿ ಬಿಟ್ಟರೆ ಮುಂದಿನ ಅಕ್ಷರಕ್ಕೆ ಅದು ಕಾದು ನಿಲ್ಲುತ್ತದೆ. ಹಳೆಯದರಲ್ಲೂ ಇದ್ದಿರಬಹುದು, ಯಾರು ಹುಡುಕಿದ್ದರು? ಕನ್ನಡದ ಎಷ್ಟೋ ಅಕ್ಷರಕ್ಕೆ ಎರಡು ಕೀ ಒಟ್ಟಿಗೆ ಬೇಕು. ಒಂದೇ ಕೈಯವನಿಗೆ ಅದು ಆಗದ ಮಾತು.

“ಅಪ್ಪ, ಬನ್ನಿ ಇಲ್ಲಿ. ಒಂದೇ ಬೆರಳಲ್ಲಿ ಹೊಡೀರಿ ನೋಡೋಣ.”

ಅಪ್ಪ ಎಡಗೈ ತೋರುಬೆರಳಿನಿಂದ ತನ್ನ ಹೆಸರು ಬರೆದ. ಅಳಿಸಿದ. ಮತ್ತೆ ಬರೆದ. ಮರುದಿನದಿಂದ ಲ್ಯಾಪ್‌ಟಾಪ್ ಅಪ್ಪನದಾಯಿತು. ಅವಳು ಬೆಳಿಗ್ಗೆ ಹೊರಡುವಾಗ ಟಕ್, ಸಂಜೆ ಬಂದಾಗಲೂ ಟಕ್. ಏನು ಬರೆಯುತ್ತಿದ್ದಾನೆ ಎಂದು ಅಮ್ಮನೇ ಪಿಸುಗುಟ್ಟಿದಳು: “ಉದ್ದಣ್ಣಂಗೆ ಕಾಗದ ಕಣೆ!”

ಉದ್ದಣ್ಣ ಅಪ್ಪನ ಜೊತೆಗಾರ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಸಾಮಾನಿನ ಚೀಲ ಹೊತ್ತವರು. ಹದಿನಾಲ್ಕು ವರ್ಷದ ಹಿಂದೆ ಒಂದು ದೊಡ್ಡ ಕಟ್ಟಡದಲ್ಲಿ, ಉದ್ದಣ್ಣ ರಾಟೆಗೆ ಕೈ ಹಾಕಿದ್ದಾಗ ಲಿಫ್ಟ್ ಓಡಿಬಿಟ್ಟು ಅವನ ಮೂರು ಬೆರಳು ಹೋದವು. ಕರೆಂಟ್ ತೆಗೆಯಲು ಮೇನ್ ಸ್ವಿಚ್ ಇಳಿಸಬೇಕಾದವನು ಮೇಲಿನ ಕೋಣೆಯಲ್ಲಿದ್ದ ಅಪ್ಪ. ವಿಚಾರಣೆಯಲ್ಲಿ ‘ಸೂಚನೆಗೆ ಕಾಯದೆ ಕೈ ಹಾಕಿದ’ ಎಂದು ತಪ್ಪನ್ನು ಉದ್ದಣ್ಣನ ತಲೆಗೇ ಕಟ್ಟಿದರು. ಅದರ ಕೆಳಗೆ ಅಪ್ಪನ ಸಹಿ ಇತ್ತು. ಅಂದಿನಿಂದ ಇಬ್ಬರೂ ಮುಖ ನೋಡಿಲ್ಲ. ಮನೆಯಲ್ಲಿ ಉದ್ದಣ್ಣನ ಮಾತು ಬಂದರೆ ಅಪ್ಪ ಎದ್ದು ಹೋಗುತ್ತಿದ್ದ.

ಶನಿವಾರ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅಪ್ಪ ಕೈಸನ್ನೆ ಮಾಡಿದ. ಕಾಗದ ಮುಗಿದಿತ್ತು, ಎರಡು ಪುಟ.

“ಓ...ದಬೇಡ. ತಪ್ಪು... ಮಾತ್ರ ತಿದ್ದು.”

“ಓದದೆ ಹೆಂಗಪ್ಪ ತಿದ್ದೋದು?”

“ನಿನ್ನ... ಹಲ್ಲಿನ ಥರ. ಒಂದೊಂದೇ.”

ಅವಳು ನಕ್ಕಳು. ಹಾಗೇ ಮಾಡಿದಳು ಕೂಡ. ವಾಕ್ಯ ಬಿಟ್ಟು ಪದ ಮಾತ್ರ ನೋಡುತ್ತ, ಬಿಟ್ಟ ದೀರ್ಘ, ಜಾರಿದ ಒತ್ತು ಸರಿಮಾಡುತ್ತ ಕೆಳಗಿಳಿದಳು. ರೆಪ್ಪೆ ಮುಚ್ಚಿ ಮುಚ್ಚಿ ಬರುತ್ತಿತ್ತು. ಆದರೂ ಕಣ್ಣಿಗೆ ಒಂದಿಷ್ಟು ಬಿತ್ತು. ‘ಉದ್ದ, ಈಗ ನನ್ನ ಕೈಯೂ ಹೋಯಿತು, ನಿನ್ನ ಕಷ್ಟ ಏನೆಂದು ಗೊತ್ತಾಯಿತು’ ಎಂದು ಶುರು. ‘ಆ ದಿನ ಸ್ವಿಚ್ ಇಳಿಸಿರಲಿಲ್ಲ, ಇಳಿಸಿದ್ದೇನೆ ಎಂದು ಕೂಗಿದವನು ನಾನೇ’ ಎಂಬಲ್ಲಿ ಅವಳ ಕೈ ಒಂದು ಕ್ಷಣ ನಿಂತಿತು. ಅಪ್ಪ ಪಕ್ಕದಲ್ಲೇ ಕೂತಿದ್ದ. ಅವಳು ಏನೂ ಕಾಣದವಳ ಹಾಗೆ ಮುಂದೆ ಹೋದಳು. ಕೊನೆಗೆ ಸೇವ್ ಒತ್ತಿದಳು. ಇದನ್ನು ತನಗೇ ಒಂದು ಮೇಲ್ ಮಾಡಿಕೊಳ್ಳಬೇಕು ಎಂದುಕೊಂಡಳು. ನಾಳೆ, ಎಂದುಕೊಂಡಳು.

“ಇನ್ನೊಂದ್ಸಲ... ಬರೆಯೋ ಶಕ್ತಿ ಇಲ್ಲ ನಂಗೆ,” ಎಂದ ಅಪ್ಪ. “ನಾಳೆನೇ... ಕಳ್ಸು.”

ಭಾನುವಾರ ಬೆಳಿಗ್ಗೆ ಲ್ಯಾಬಿನಿಂದ ಫೋನ್. ಯಾರದೋ ಅರ್ಜೆಂಟ್ ಹಲ್ಲು, ಅರ್ಧ ದಿನ ಬರಬೇಕು, ಬರುವಾಗ ಒಂದು ಪೆನ್‌ಡ್ರೈವ್ ತರಬೇಕು. ರಜೆಯೂ ಹೋಯಿತಲ್ಲ ಎಂದು ಗೊಣಗುತ್ತ, ಒಂದು ಕೈಯಲ್ಲಿ ತಲೆ ಬಾಚುತ್ತ, ಇನ್ನೊಂದು ಕೈಯಿಂದ ಮನೆಯಲ್ಲಿದ್ದ ಒಂದೇ ಒಂದು ಪೆನ್‌ಡ್ರೈವನ್ನು ಲ್ಯಾಪ್‌ಟಾಪಿನಿಂದ ಸೆಳೆದುಕೊಂಡಳು. ಪರದೆ ಕಪ್ಪಾಗಿ ಬಿಳಿಯ ಸಾಲುಗಳು ಸುರಿದವು. ಕೈಗೆ ಅಭ್ಯಾಸ ನೋಡಿ, ತಲೆಯನ್ನು ಕೇಳಲಿಲ್ಲ. ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿತು, ಬಿಟ್ಟಿತು, ಮತ್ತೆ ಒತ್ತಿತು. ಹಳೆಯ ವ್ಯವಸ್ಥೆಯ ಹಳೆಯ ಚಿತ್ರ ತೆವಳಿಕೊಂಡು ಮೇಲೆದ್ದು ಬಂದಾಗ ಅವಳ ಬಾಚಣಿಗೆ ತಲೆಯಲ್ಲೇ ನಿಂತಿತು.

ಪೆನ್‌ಡ್ರೈವ್ ಮತ್ತೆ ಚುಚ್ಚಿದಳು. ಪರೀಕ್ಷಿಸಿ ನೋಡುತ್ತೀರೋ, ಹಾಕಿಕೊಳ್ಳುತ್ತೀರೋ? ಪರೀಕ್ಷೆ ಒತ್ತಿದಳು. ಗುಡಿಸಿ ಒರೆಸಿದ ರೂಮು. ಆರು ದಿನದ ಟಕ್ ಟಕ್ ಎಲ್ಲೂ ಇರಲಿಲ್ಲ.

ಬಚ್ಚಲಲ್ಲಿ ಅಪ್ಪನಿಗೆ ಸ್ನಾನ ಮಾಡಿಸುತ್ತಿದ್ದ ಅಮ್ಮ ನೀರಿನ ಸದ್ದಿನ ನಡುವೆ ಕೂಗಿದಳು: “ಗಿರಗಿಟ್ಲೆ, ಅಪ್ಪ ಕೇಳ್ತಿದಾರೆ, ಪ್ರಿಂಟು ಲ್ಯಾಬಲ್ಲೇ ತೆಗೀತೀಯಾ ಅಂತ!”

ಅವಳು ಬಾಯಿ ತೆರೆದಳು. “ಹೂಂ ಅಮ್ಮ,” ಎಂಬುದೇ ಬಂತು.

ಲ್ಯಾಬಿನಲ್ಲಿ ಆವತ್ತು ಇದ್ದವರು ಇಬ್ಬರೇ. ಅವಳು, ಮತ್ತು ಅಚ್ಚು ಹುಯ್ಯುವ ಹಿರಿಯ. ಸದಾ ಪ್ಲಾಸ್ಟರಿನಲ್ಲಿ ಬೆಳ್ಳಗಿರುತ್ತಿದ್ದ ಅವನಿಗೆ ಎಲ್ಲರೂ ‘ಸುಣ್ಣದ ಮಾಮ’ ಎನ್ನುತ್ತಿದ್ದರು. ಅರ್ಜೆಂಟ್ ಕೆಲಸ ಮೇಲಿನ ಸಾಲಿನ ಮುಂದಿನ ಹಲ್ಲೊಂದು. ಅವಳು ಮೇಣ ಹಿಡಿದು ಸುಮ್ಮನೆ ಕೂತಿದ್ದಳು.

“ಏನಮ್ಮ, ಹಲ್ಲು ನೋಡ್ತಿದೀಯೋ, ಅದೇ ನಿನ್ನ ನೋಡ್ತಿದೆಯೋ?”

“ಮಾಮ, ಈ ರೋಗಿಯ ಹಳೇ ಫೋಟೋ ಇಲ್ಲ. ಇದ್ದ ಹಲ್ಲು ಹೆಂಗಿತ್ತು ಅಂತ ಯಾರಿಗೆ ಗೊತ್ತು?”

“ಹದಿಮೂರು ವರ್ಷ ಆಯ್ತು, ಇವತ್ತು ಕೇಳ್ತೀಯಲ್ಲ! ಆ ಕಡೆದು ನೋಡು, ಈ ಕಡೆದು ನೋಡು, ನಡುವಿಂದು ಊಹೆ ಮಾಡು. ನಕ್ಕಾಗ ಚಂದ ಕಂಡ್ರೆ ಸಾಕು. ಯಾವನೂ ವಾಪಸ್ ತಂದು ‘ಇದು ನನ್ನದಲ್ಲ’ ಅಂದಿಲ್ಲ.”

ಮಾಮ ತನ್ನ ಬಕೆಟ್ಟಿನ ಕಡೆ ತಿರುಗಿಕೊಂಡ. ಅವಳು ಹಲ್ಲು ಮುಗಿಸಿ ಕೈ ತೊಳೆದು ಲ್ಯಾಬಿನ ಕಂಪ್ಯೂಟರಿನ ಮುಂದೆ ಕೂತಳು.

ಶುರು ನೆನಪಿತ್ತು, ಬರೆದಳು. ಸ್ವಿಚ್ಚಿನ ಮಾತು ನೆನಪಿತ್ತು, ಬರೆದಳು. ‘ಸಾಧ್ಯವಾದರೆ ಒಮ್ಮೆ ಬಾ, ಬಾರದಿದ್ದರೂ ತಪ್ಪಿಲ್ಲ’ ಎಂಬ ಕೊನೆಯೂ ನೆನಪಿತ್ತು. ನೆನಪಿಲ್ಲದ್ದು ನಡುವಿನದು. ಯಾಕೆ ಇಳಿಸಲಿಲ್ಲ? ಅದಕ್ಕೆ ಅಪ್ಪ ಅರ್ಧ ಪುಟ ಕೊಟ್ಟಿದ್ದ. ಆ ಅರ್ಧ ಪುಟದಲ್ಲಿ ‘ಸಿಟ್ಟು’ ಎಂಬ ಪದ ಎರಡು ಸಲ ಬಂದಿತ್ತು, ‘ಹಿಂದಿನ ದಿನದ ಜಗಳ’ ಎಂದೇನೋ ಇತ್ತು. ಯಾರ ಸಿಟ್ಟು, ಎಂಥ ಜಗಳ, ಅವಳು ಓದಿರಲಿಲ್ಲ. ಓದಬೇಡ ಎಂದಿದ್ದನಲ್ಲ.

ಸಿಟ್ಟು ಎಂದು ಬರೆದು ನೋಡಿದಳು. ಮುಂದಿನ ಪದಕ್ಕೆ ಬೆರಳು ಏಳಲಿಲ್ಲ. ತನ್ನ ಅಪ್ಪ ಸಿಟ್ಟಿನಲ್ಲಿ ಸ್ವಿಚ್ ಇಳಿಸದೆ ಬಿಟ್ಟ ಎಂದು ತಾನು ಹೇಗೆ ಬರೆಯುವುದು? ಅದು ನಿಜವೆಂದು ಯಾರು ಕಂಡರು? ಅಳಿಸಿದಳು. ‘ಅವಸರದಲ್ಲಿ ಮರೆತೆ. ಮರೆತೆ ಎಂದು ಹೇಳಲು ಹೆದರಿದೆ’ ಎಂದು ಬರೆದಳು. ಓದಿಕೊಂಡಳು. ಆ ಕಡೆಗೂ ಈ ಕಡೆಗೂ ಹೊಂದುತ್ತಿತ್ತು. ಪ್ರಿಂಟ್ ತೆಗೆದಳು.

ಮನೆಗೆ ಹೋಗಿ ನಿಜ ಹೇಳಿಬಿಡುವುದು, ಇದನ್ನು ಸುಮ್ಮನೆ ತೋರಿಸಿ ‘ನಡುವಿಂದು ನೀವೇ ಹೇಳಿ, ನಾನು ಟೈಪ್ ಮಾಡ್ತೀನಿ’ ಎನ್ನುವುದು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ನಾಲ್ಕು ಸಲ ಅಭ್ಯಾಸ ಮಾಡಿದಳು. ಬಾಗಿಲು ತೆರೆದರೆ ಅಪ್ಪ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಳಾಸ ಬರೆದ ಕವರ್ ಮುಂದಿಟ್ಟುಕೊಂಡು ಮೇಜಿಗೆ ಕೂತಿದ್ದ. ಎಡಗೈಯಲ್ಲಿ ಬರೆದ ವಿಳಾಸ ಇರುವೆ ಸಾಲು ಹರಿದ ಹಾಗಿತ್ತು.

“ಬೆಳಿಗ್ಗೆಯಿಂದ ಕೂತಿದಾರೆ ಕಣೆ. ಊಟಕ್ಕೂ ಏಳಲಿಲ್ಲ,” ಎಂದಳು ಅಮ್ಮ.

ಅವಳು ಹಾಳೆ ಕೊಟ್ಟಳು.

ಅಪ್ಪ ಬೆರಳಿಟ್ಟು ಓದಿದ. ಮೊದಲ ಪ್ಯಾರಾ ದಾಟಿತು. ಸ್ವಿಚ್ ದಾಟಿತು. ಬೆರಳು ನಡುವಿಗೆ ಬಂದು ನಿಂತಿತು. ಹಿಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

“ಮರೆತೆ... ಅಂತ... ಇದೆ.”

“ಹೂಂ ಅಪ್ಪ.”

“ನಾನು... ಬರೆದಿದ್ದಾ?”

ಹೇಳಬೇಕಾದ ಹೊತ್ತು ಅದೇ.

“ನಾನು ತಪ್ಪು ಮಾತ್ರ ತಿದ್ದಿದೆ ಅಪ್ಪ,” ಎಂದಳು.

ಅಪ್ಪ ಅವಳ ಮುಖ ನೋಡಿದ. ಬೈಯುವ ನೋಟವಲ್ಲ, ಕೇಳುವ ನೋಟವೂ ಅಲ್ಲ. ಹತ್ತು ಮಹಡಿ ಹತ್ತಿ ಬಂದವನು ನಡುವೆ ಕೂತು ಸುಧಾರಿಸಿಕೊಳ್ಳಲು ಒಂದು ಸ್ಟೂಲು ಕಂಡು ಅದನ್ನು ನೋಡುವ ಹಾಗಿತ್ತು. ಆಮೇಲೆ ಪೆನ್ನು ತೆಗೆದುಕೊಂಡು ನಿಧಾನವಾಗಿ ಸಹಿ ಹಾಕಿದ.

“ಇದೇ... ಇರ್ಲಿ ಬಿಡು,” ಎಂದ. ಕಿಟಕಿಯ ಕಡೆ ತಿರುಗಿಕೊಂಡ.

“ಸದ್ಯ! ಹದಿನಾಲ್ಕು ವರ್ಷದ ಭಾರ ಇಳೀತು ನೋಡಿ,” ಎಂದು ಅಮ್ಮ ಕಣ್ಣೊರೆಸಿಕೊಂಡಳು. ಅಪ್ಪ ತಿರುಗಲಿಲ್ಲ.

ಬೀದಿಯ ತುದಿಯ ಅಂಚೆ ಡಬ್ಬದ ಬಾಯಿಗೆ ಅವಳು ಕವರ್ ಹಿಡಿದು ನಿಂತಳು. ಉದ್ದಣ್ಣ ಇದನ್ನು ಓದಿ ಕ್ಷಮಿಸಿದರೆ ಅವನು ಕ್ಷಮಿಸುವುದು ಯಾರನ್ನು? ವಾಪಸ್ ಹೋಗಿ ‘ಅಪ್ಪ, ನಿಜವಾದದ್ದು ಕಳೆದುಹೋಯ್ತು, ಇನ್ನೊಂದ್ಸಲ ಹೇಳಿ’ ಎಂದರೆ ಅಪ್ಪ ಹೇಳುತ್ತಾನೆಯೇ, ಅಥವಾ ಕಾಗದ ಹರಿದು ಹಾಕಿ ಮತ್ತೆಂದೂ ಆ ಮಾತೆತ್ತುವುದಿಲ್ಲವೇ? ಕವರ್ ಅರ್ಧ ಒಳಗೆ, ಅರ್ಧ ಹೊರಗೆ. ಹಿಂದೆ ಒಬ್ಬ ಹೆಂಗಸು ತನ್ನ ಕಾಗದ ಹಿಡಿದು ಬಂದು ನಿಂತಳು.

“ಹಾಕ್ತೀರೇನಮ್ಮ, ಇಲ್ಲ ದಾರಿ ಬಿಡ್ತೀರಾ? ಡಬ್ಬ ಏನೂ ಕಚ್ಚಲ್ಲ.”

ದಾರಿ ಬಿಡಬೇಕಾದರೆ ಕವರ್ ಹೊರಗೆಳೆಯಬೇಕು, ಮನೆಯವರೆಗೆ ನಡೆಯಬೇಕು, ಬಾಯಿ ತೆರೆಯಬೇಕು. ಕತ್ತಿನಿಂದ ಬೆರಳ ತುದಿಯವರೆಗೆ ಅವಳಿಗೆ ಸಾಕಾಗಿತ್ತು. ಬೆರಳು ಸಡಿಲಿಸಿದಳು. ಡಬ್ಬದ ತಳದಲ್ಲಿ ಅದು ಬಿದ್ದ ಸದ್ದೂ ಕೇಳಲಿಲ್ಲ.

ಈಗ ನೀವು ಹೇಳಿ. ಆ ಹೆಂಗಸು ನಿಮ್ಮ ಬೆನ್ನ ಹಿಂದೆ ನಿಂತಿದ್ದು, ಆ ಕವರ್ ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಏನು ಮಾಡುತ್ತಿದ್ದಿರಿ?