ಅಕ್ಕನಿಗೆ ಕಳಿಸಿದ ಹೊಳೆ

ಅಕ್ಕಿಯನ್ನು ಮೂರನೆಯ ಸಲ ತೊಳೆದು ನೀರು ಬಸಿಯುತ್ತಿದ್ದೆ. ಬಿಳಿ ನೀರು ನನ್ನ ಬೆರಳುಗಳನ್ನು ಬಳಸಿ ಹೋಗಿ, ಆಚೆ ಸಣ್ಣ ಸುಳಿಯಾಗಿ ಕೂಡಿಕೊಂಡಿತು. ನಮ್ಮ ಹೊಳೆಯೂ ಬಟ್ಟೆ ಒಗೆಯುವ ಕಲ್ಲನ್ನು ಹೀಗೇ ಬಳಸುತ್ತಿತ್ತಲ್ಲ! ಅಕ್ಕಿಯನ್ನು ನೀರಲ್ಲೇ ಬಿಟ್ಟು, ಅಕ್ಕನಿಗೆಂದು ಬರೆದು ಕಳಿಸದೆ ಇಟ್ಟಿದ್ದ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಆ ಹೊಳೆ, ಮನೆ, ಊರು ಎಲ್ಲ ಈಗ ಅಣೆಕಟ್ಟಿನ ನೀರಿನಡಿ ಇವೆ. ಮೂರು ವರ್ಷದ ಹಿಂದೆ ತೋಕಿ ಅಕ್ಕ ಬರೆದಿದ್ದಳು: “ಅಮ್ಮನ ಮುಖ ನೆನಪಿದೆ, ಕಲ್ಲೂ ನೆನಪಿದೆ. ನೆನಪಲ್ಲಿ ನೀರು ಮಾತ್ರ ನಿಂತೇಬಿಟ್ಟಿದೆ ಕಣೇ ಇಯೋ. ಹೇಗೆ ಹರೀತಿತ್ತು, ಬರಿ.” ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ಉತ್ತರವನ್ನೇನೋ ಬರೆದೆ. ನೀರು ಅದರಲ್ಲೂ ಹರಿಯಲಿಲ್ಲ. ಲಕೋಟೆ ಅಂಟಿಸದೆ ಇಟ್ಟೆ.

ನೆರಿಮಾ ಬಡಾವಣೆಯ ಕಾರ್ಟೂನ್ ಸಿನಿಮಾ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ದುಡಿದಿದ್ದೇನೆ. ಆದರೆ ನನ್ನದು ಬೇರೆಯವರ ಗೆರೆಯ ಮೇಲೆ ಗೆರೆ ಎಳೆಯುವ ಕೆಲಸ. ಚಲನೆ ಬರೆಯುವವರೇ ಬೇರೆ. ಈಗ ವಿಶ್ವವಿದ್ಯಾಲಯದ ನಗುಮೊ ಒಂದು ಕಂಪ್ಯೂಟರ್ ಹಲಗೆ ಮಾಡಿದ್ದಾಳೆ. ಅದರ ಮೇಲೆ ಗೆರೆ ಎಳೆದರೆ ನೀರು ಹರಿಯುತ್ತದೆ, ಹುಲ್ಲು ತೂಗುತ್ತದೆ. ಪರೀಕ್ಷೆಗೆಂದು ನಮ್ಮಂಥವರನ್ನು ಕರೆದಿದ್ದಳು. ಇವತ್ತೇ ಕಡೆಯ ದಿನ.

ಹಲಗೆಯ ಮುಂದೆ ಕೂತು ಕಲ್ಲು ಬರೆದೆ, ಈಚೆಗೆ ನಮ್ಮ ಅಂಗಳ ಬರೆದೆ, ಹೊಳೆ ಎಳೆದೆ. ನಗುಮೊ ನಕ್ಕುಬಿಟ್ಟಳು.

“ಇಯೋ ಸಾನ್, ಹೊಳೆ ನಿಮ್ಮ ಅಂಗಳಕ್ಕೇ ನುಗ್ತಾ ಇದೆ!”

ನಿಜ. ನಮ್ಮ ಅಂಗಳದಿಂದ ನೀರು ದೂರಕ್ಕೆ ಹೋಗಬೇಕಿತ್ತು. ಪೆನ್ನನ್ನು ತನ್ನ ಕಡೆಗೆ ಎಳೆದುಕೊಂಡರೆ ಕೈ ನಡುಗದು, ಅದು ನಮ್ಮ ಕಸುಬಿನ ಮೊದಲ ಪಾಠ. ಹಲಗೆಯೋ, ಪೆನ್ನು ಹೋದ ದಿಕ್ಕಿಗೇ ನೀರು ಬಿಡುತ್ತದೆ.

“ಒಂದು ಗುಂಡಿ ಒತ್ತಿದ್ರೆ ತಿರುಗತ್ತೆ, ಒತ್ಲಾ?”

“ಬೇಡ ತಾಯಿ. ಆ ಹೊಳೇನ ತಿರುಗಿಸಿದವರು ಸಾಕು. ನಾನೇ ಬರೀತೀನಿ.”

ಪೆನ್ನನ್ನು ಮುಂದಕ್ಕೆ ದೂಡಿ ಬರೆದೆ. ಕೈ ನಡುಗಿ ಗೆರೆ ಕಲ್ಲಿಗೆ ಹೊಡೆಯಿತು. ಅಳಿಸಿದೆ. ಮತ್ತೆ ದೂಡಿದೆ, ಮತ್ತೆ ಅಳಿಸಿದೆ. ಮಧ್ಯಾಹ್ನದ ಗಂಟೆ ಹೊಡೆಯಿತು.

“ಊಟ ಮಾಡ್ಬನ್ನಿ, ನಿಮ್ಮ ಹೊಳೆ ಎಲ್ಲಿಗೂ ಓಡಿಹೋಗಲ್ಲ.”

“ಓಡಲಿ ಅಂತಲೇ ಕೂತಿರೋದು.”

ಹದಿನೇಳನೆಯದೋ ಹದಿನೆಂಟನೆಯದೋ ಗೆರೆ. ನೀರು ಕಲ್ಲನ್ನು ಬಳಸಿತು, ಆಚೆ ಸುಳಿಯಾಗಿ ಕೂಡಿತು. ನನ್ನ ನಡುಕವೆಲ್ಲ ಹೊಳೆಯ ಮೈತುಂಬ ಸಣ್ಣ ಅಲೆಯಾಗಿತ್ತು.

“ಗೆರೆ ಸ್ವಲ್ಪ ನಯ ಮಾಡ್ಲಾ?” ಎಂದಳು ನಗುಮೊ.

“ಮುಟ್ಟಿದ್ರೆ ನೋಡು! ನಮ್ಮ ಹೊಳೆ ಯಾವತ್ತು ನಯವಾಗಿತ್ತು?”

ಅಕ್ಕನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನಗುಮೊ ಆ ಹರಿವನ್ನೇ ನಲವತ್ತೆಂಟು ಚಿತ್ರಗಳಾಗಿ ದಪ್ಪ ಹಾಳೆಯಲ್ಲಿ ಅಚ್ಚು ಹಾಕಿಕೊಟ್ಟಳು. ಕತ್ತರಿಸಿ, ಒಂದರ ಮೇಲೊಂದಿಟ್ಟು ಬೆನ್ನಿಗೆ ದಾರ ಹೊಲಿದೆ. ಹೆಬ್ಬೆರಳಲ್ಲಿ ಸರ್ರನೆ ಬಿಟ್ಟು ನೋಡಿದೆ; ಹರಿಯಿತು.

ಹಳೆಯ ಕಾಗದದ ಕೆಳಗೆ ಒಂದು ಸಾಲು ಸೇರಿಸಿದೆ: “ಅಕ್ಕಾ, ಹೆಬ್ಬೆರಳಲ್ಲಿ ಬೇಗಬೇಗ ತಿರುಗಿಸು.” ಪುಸ್ತಕವನ್ನೂ ಒಳಗಿಟ್ಟು ಲಕೋಟೆ ಅಂಟಿಸಿದೆ.

ಮುಚ್ಚುವ ಹೊತ್ತಿಗೆ ಸರಿಯಾಗಿ ಅಂಚೆ ಕಚೇರಿ ಮುಟ್ಟಿದೆ. ಗುಮಾಸ್ತೆ ತೂಗಿ, ಅಂಚೆಚೀಟಿ ಅಂಟಿಸಿ, ಲಕೋಟೆಯನ್ನು ಹಿಂದಿನ ಬುಟ್ಟಿಗೆ ಹಾಕಿದಳು.