ವಿದ್ಯುತ್ ನಿಗಮದ ಸಾಲ

ನನ್ನ ತಮ್ಮನಿಗೆ ಬಾಯಿ ಜಾಸ್ತಿ, ನನ್ನ ಗಂಡನಿಗೆ ಕಡಿಮೆ. ರೇಡಿಯೋದವರು ಇಬ್ಬರನ್ನೂ ಒಂದೇ ಚರ್ಚೆಗೆ ಕರೆದಾಗಲೇ ಇದು ನೆಟ್ಟಗೆ ಮುಗಿಯುವುದಿಲ್ಲ ಅನ್ನಿಸಿತ್ತು. ಸಮಾಜವಾದಿ ಸರ್ಕಾರ ಕೊಡುವ ರಾಷ್ಟ್ರೀಯ ಸಾಲದ ಅಂಕಿಗಳನ್ನು ನಂಬಬಹುದೇ ಎಂಬುದು ವಿಷಯ. ನನ್ನ ತಮ್ಮ ಪತ್ರಿಕೆಯೊಂದರಲ್ಲಿ ಹಣಕಾಸಿನ ಅಂಕಣ ಬರೆಯುತ್ತಾನೆ. ನಂಬಬಾರದು ಎನ್ನುವುದೇ ಅವನ ಕಸುಬು. ನಮ್ಮವರು ಆ ಅಂಕಿಗಳನ್ನು ಒಟ್ಟು ಮಾಡುವ ಇಲಾಖೆಯಲ್ಲೇ ಉಪನಿರ್ದೇಶಕರು. ನಂಬಿ ಎನ್ನದೆ ಅವರಿಗೆ ಗತಿಯಿಲ್ಲ.

ಇವರಿಬ್ಬರ ನಡುವೆ ಅಮ್ಮ. ಅವಳ ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಯಿತು. ನಮ್ಮ ಮನೆಯಲ್ಲೇ ಇದ್ದಾಳೆ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಸರ್ಕಾರಿ ಚಿಕಿತ್ಸಾಲಯದಲ್ಲಿ ಡಯಾಲಿಸಿಸ್, ಒಂದು ಕಾಸೂ ಕೊಡಬೇಕಾಗಿಲ್ಲ. ಈ ಸರ್ಕಾರ ಬರುವ ಮೊದಲು ನಮ್ಮ ಬೀದಿಯ ಬಡಗಿಗೆ ಇದೇ ಕಾಯಿಲೆ ಬಂದಿತ್ತು. ಗರಗಸ, ಉಳಿ ಎಲ್ಲ ಮಾರಿದರೂ ಅವನು ಉಳಿಯಲಿಲ್ಲ. ಹಾಗಾಗಿ ಈ ಸರ್ಕಾರದ ಬಗ್ಗೆ ನನ್ನ ಅಭಿಪ್ರಾಯ ಕೇಳಲೇಬೇಡಿ. ನನಗೆ ಅಮ್ಮ ಬೇಕು, ಅಷ್ಟೇ.

ಚರ್ಚೆಯ ಹಿಂದಿನ ದಿನ ಭಾನುವಾರ. ತಮ್ಮ ಊಟಕ್ಕೆ ಬಂದ. ತಟ್ಟೆಗೆ ಕೈ ಹಾಕುವ ಮೊದಲೇ ಶುರು ಹಚ್ಚಿಕೊಂಡ.

"ಭಾವ, ನಾಳೆ ಏನು ಹೇಳ್ತೀರಿ? ಸರ್ಕಾರ ಸುಳ್ಳು ಹೇಳಲ್ಲ ಅಂತೀರಾ?"

"ಸುಳ್ಳು ಹೇಳೋಕೆ ಎಲ್ಲರೂ ಸೇರಿ ಒಂದೇ ಸುಳ್ಳು ಹೇಳಬೇಕಪ್ಪಾ," ಅಂದರು ನಮ್ಮವರು. "ನಮ್ಮ ಆಫೀಸಲ್ಲಿ ಕಿಟಕಿ ತೆಗೀಬೇಕೋ ಮುಚ್ಚಬೇಕೋ ಅನ್ನೋದಕ್ಕೇ ಒಮ್ಮತ ಇಲ್ಲ."

ಅಮ್ಮ ನಕ್ಕಳು. ತಮ್ಮನೂ ನಕ್ಕ, ಆದರೆ ಬಿಡಲಿಲ್ಲ.

"ಸರಿ, ವಿದ್ಯುತ್ ನಿಗಮದ ಸಾಲ ನಾಲ್ಕು ವರ್ಷದಿಂದ ಒಂಚೂರೂ ಅಲ್ಲಾಡಿಲ್ಲ. ಅಣೆಕಟ್ಟು ಕಟ್ಟಿದಾರೆ, ಊರೂರಿಗೆ ತಂತಿ ಎಳೆದಿದಾರೆ. ಸಾಲ ಮಾಡಲೂ ಇಲ್ಲ, ತೀರಿಸಲೂ ಇಲ್ಲ. ಅದು ಹೇಗೆ?"

"ಹಾಗಿರೋಕೆ ಸಾಧ್ಯ ಇಲ್ಲ."

"ನಾಲ್ಕೂ ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿದೀನಿ. ನೀವು ಯಾವತ್ತಾದ್ರೂ ನೋಡಿದೀರಾ?"

ನಮ್ಮವರ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವವರಂತೆ ವಿವರಿಸಿದರು. ವರದಿ ಅಚ್ಚಿಗೆ ಹೋಗುವ ಹೊತ್ತಿಗೆ ಯಾವುದಾದರೂ ನಿಗಮ ಲೆಕ್ಕ ಕಳಿಸದಿದ್ದರೆ, ಹೋದ ವರ್ಷದ ಅಂಕಿಯನ್ನೇ ಬರೆದು ಪಕ್ಕದಲ್ಲೊಂದು ಚುಕ್ಕೆ ಇಡುತ್ತಾರಂತೆ. ತಾತ್ಕಾಲಿಕ ಎಂದು ಅರ್ಥ. ಮರುವರ್ಷ ಅದು ಹಿಂದಿನ ವರ್ಷದ ಕಾಲಮ್ಮಿಗೆ ಸರಿಯುತ್ತದೆ, ಆ ಕಾಲಮ್ಮಿನಲ್ಲಿ ಚುಕ್ಕೆ ಇಡುವ ಪದ್ಧತಿ ಇಲ್ಲ. ಚುಕ್ಕೆ ಹೋದ ಮೇಲೆ ಅದು ಅಸಲಿ ಅಂಕಿ. ಆ ವರ್ಷವೂ ನಿಗಮ ಸುಮ್ಮನಿದ್ದರೆ ಅದನ್ನೇ ಮತ್ತೆ ಬರೆದು ಹೊಸ ಚುಕ್ಕೆ. ಒಂದು ವರದಿಯಲ್ಲಿ ಎರಡೇ ವರ್ಷದ ಅಂಕಿ ಇರುವುದರಿಂದ ಅದರ ಹಿಂದಿನದನ್ನು ಯಾರೂ ತೆಗೆದು ನೋಡುವುದಿಲ್ಲ.

"ಅಂದ್ರೆ ಯಾರೂ ಸುಳ್ಳು ಹೇಳಿಲ್ಲ," ಅಂದೆ ನಾನು, ಜೀವ ಬಂದಂತಾಗಿ.

"ಇಲ್ಲ," ಅಂದರು. "ಆದ್ರೆ ಅಂಕಿ ಸುಳ್ಳು."

ತಮ್ಮನ ಮುಖ ಹುಳ್ಳಗಾಯಿತು. ಕಳ್ಳನನ್ನು ಹಿಡಿಯಲು ಬಂದಿದ್ದ, ಸಿಕ್ಕಿದ್ದು ಭಾವನ ಆಫೀಸಿನ ಪದ್ಧತಿ. ಅಮ್ಮ ಎದ್ದು ಹೋಗಿ ಮಲಗಿದಳು.

ತಟ್ಟೆ ತೊಳೆಯುವ ನೆಪದಲ್ಲಿ ನಮ್ಮವರನ್ನು ಅಡುಗೆಮನೆಗೆ ಕರೆದೆ.

"ನಾಳೆ ಇದನ್ನ ಅಲ್ಲಿ ಬಾಯಿಬಿಡಬೇಡಿ. ಸಾಲ ಜಾಸ್ತಿ ಇದೆ ಅಂತ ಗೊತ್ತಾದ್ರೆ ಮೊದಲು ಕತ್ತರಿ ಬೀಳೋದು ಎಲ್ಲಿಗೆ ಅಂತ ನಿಮಗೂ ಗೊತ್ತು."

"ಗೊತ್ತು."

"ಆಫೀಸಲ್ಲಿ ಹೇಳಿ, ಸದ್ದಿಲ್ಲದೆ ತಿದ್ದಿಬಿಡಿ."

"ಕೈ ತೊಳೆದ ಕೂಡಲೇ ನಿರ್ದೇಶಕರ ಮನೆಗೆ ಫೋನ್ ಮಾಡಿದ್ದೆ. ಚುನಾವಣೆ ಮುಗೀಲಿ ಅಂದ್ರು."

ಬಾಗಿಲಲ್ಲಿ ತಮ್ಮ ನಿಂತಿದ್ದ. "ಅಕ್ಕಾ, ನಾಳೆ ನಾನು ಆ ಪ್ರಶ್ನೆ ಎತ್ತಲ್ಲ. ಅವಳು ನನಗೂ ಅಮ್ಮ ಕಣೇ," ಅಂದ. ಜೀವಮಾನದಲ್ಲಿ ಮೊದಲ ಸಲ ಅವನ ಮೇಲೆ ಹೆಮ್ಮೆ ಬಂತು.

ನಮ್ಮವರು ಕೈ ಒರೆಸಿಕೊಂಡು, "ನೀನೂ ಕೇಳದೇ ಇದ್ರೆ ಇನ್ನು ಯಾರಯ್ಯಾ ಕೇಳೋರು?" ಅಂದರು. ಮೈಯೆಲ್ಲ ಉರಿದುಹೋಯಿತು. ಆ ಸಂಜೆ ನಾನು ಅವರ ಜೊತೆ ಮಾತೇ ಆಡಲಿಲ್ಲ.

ಸೋಮವಾರ ಚರ್ಚೆ ಶುರುವಾದಾಗ ಅಮ್ಮ ಚಿಕಿತ್ಸಾಲಯದಲ್ಲಿ ಯಂತ್ರದ ಪಕ್ಕ ಒರಗಿದ್ದಳು. ಆ ಹಜಾರದಲ್ಲಿ ಅವಳಂಥವರು ಏಳೆಂಟು ಜನ, ಎಲ್ಲರಿಗೂ ಕುತ್ತಿಗೆಯವರೆಗೆ ಹೊದಿಕೆ. ಗೋಡೆಯ ಮೇಲಿನ ರೇಡಿಯೋವನ್ನು ಅಮ್ಮನೇ ಹೇಳಿ ಹಾಕಿಸಿದ್ದಳು. ತಮ್ಮನೇನೋ ಬೆಲೆಯೇರಿಕೆ, ತೆರಿಗೆ ಎಂದು ಸುತ್ತಿ ಬಳಸಿ ಮಾತಾಡಿದ. ವಿದ್ಯುತ್ತಿನ ಸುದ್ದಿಗೇ ಹೋಗಲಿಲ್ಲ, ಮಾತಿಗೆ ತಪ್ಪಲಿಲ್ಲ ಹುಡುಗ. ಇನ್ನೇನು ಮುಗಿಯಿತು ಎಂದು ನಾನು ಉಸಿರು ಬಿಡುವಾಗ ನಿರೂಪಕಿ ನಮ್ಮವರನ್ನು ಕೇಳಿದಳು: "ಹಾಗಾದ್ರೆ ಕೇಳುಗರು ಈ ಅಂಕಿಗಳನ್ನ ನಂಬಬಹುದು ಅಂತೀರಾ?"

ನಮ್ಮವರು ಕಾಗದ ಮಡಚಿಟ್ಟ ಸದ್ದು ರೇಡಿಯೋದಲ್ಲಿ ಕೇಳಿಸಿತು.

"ಒಂದನ್ನ ನಂಬಬೇಡಿ," ಅಂದರು ನಮ್ಮವರು. ಅಣೆಕಟ್ಟು, ಚುಕ್ಕೆ, ನಾಲ್ಕು ವರ್ಷ, ಎಲ್ಲ ಹೇಳಿದರು. "ನಿಜವಾದ ಸಾಲ ಎಷ್ಟು ಅಂತ ನನಗೂ ಗೊತ್ತಿಲ್ಲ. ಇದಕ್ಕಿಂತ ಜಾಸ್ತಿ ಅನ್ನೋದು ಖಂಡಿತ. ಆ ವರದಿಗೆ ಸಹಿ ಹಾಕಿದ್ದು ನಾನೇ."

ಮನಸ್ಸಿನಲ್ಲೇ ಅವರಿಗೆ ಹಿಡಿ ಶಾಪ ಹಾಕಿದೆ. ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು ಅನ್ನಿಸಿತು, ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ರೋಗಿ, ಒಬ್ಬ ಬಸ್ ಡ್ರೈವರ್, ತಲೆಯೆತ್ತಿ, "ಇನ್ನು ಇದನ್ನೆಲ್ಲ ನಿಲ್ಲಿಸ್ತಾರೆ ನೋಡ್ತಿರಿ. ಯಾರವನು ಪುಣ್ಯಾತ್ಮ?" ಅಂದ. ಅವನಿಗೆ ಇನ್ನೂ ನಲವತ್ತೂ ಆಗಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ.

"ನಮ್ಮ ಅಳಿಯಂದಿರು," ಅಂದಳು ಅಮ್ಮ, ಹಜಾರಕ್ಕೆಲ್ಲ ಕೇಳುವ ಹಾಗೆ.

ಡ್ರೈವರ್ ಅವಳನ್ನೊಮ್ಮೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನರ್ಸ್ ಬಂದು ರೇಡಿಯೋ ಆರಿಸಿ, ಅಮ್ಮನ ಹೊದಿಕೆ ಸರಿಮಾಡಿ ಹೋದಳು.

ಆಗ ಅಮ್ಮ ನನ್ನ ಸೆರಗು ಹಿಡಿದು ಹತ್ತಿರಕ್ಕೆ ಎಳೆದಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಈಗ ನನಗೊಬ್ಬಳಿಗೆ ಕೇಳುವಷ್ಟಿತ್ತು.

"ಬುಧವಾರ ಇರುತ್ತಲ್ವೇನೇ?"

"ಇರುತ್ತಮ್ಮ," ಅಂದೆ. ನನಗೇನು ಗೊತ್ತಿತ್ತು?

ಅವಳು ನನ್ನ ಮುಖವನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ, "ನೀನೂ ನಿನ್ನ ಗಂಡನ ಹಾಗೆ ಇದ್ದದ್ದನ್ನ ಹೇಳೇ," ಅಂದಳು.